ಕೊನೆಯ ಎರಡು ಕಿಲೋಮೀಟರಿಗಾಗಿ ಒಂದು ಗಾಡಿ

ನಮ್ಮ ಮಾವನ ಮನೆ ಸಕಲೇಶಪುರದಾಚೆ, ಹೆತ್ತೂರಿನ ಕಡೆ. ಬೆಂಗಳೂರಿನಿಂದ ಹೊರಟರೆ ಹೆಚ್ಚುಕಮ್ಮಿ ಇಡೀ ದಾರಿ ಯಾವ ಕಾರಾದರೂ ಹೋಗುತ್ತದೆ. ತೊಂದರೆ ಇರುವುದು ಕೊನೆಯ 2 ಕಿಲೋಮೀಟರಿನಲ್ಲಿ. ಡಾಂಬರು ಬಿಟ್ಟು ಕಾಫಿ ತೋಟದೊಳಗೆ ಇಳಿಯುವ ಮಣ್ಣು ದಾರಿ ಅದು. ಮೊದಲು ಒಂದು ಹಳ್ಳ, ಆಮೇಲೆ ಒಂದು ತಿರುವು, ತಿರುವಿನಲ್ಲೇ ಏರು. ಬೇಸಿಗೆಯಲ್ಲಿ ಅಲ್ಲಿ ಸ್ಕೂಟರ್ ಕೂಡ ಓಡಾಡುತ್ತದೆ. ಜುಲೈನಲ್ಲಿ ಮನುಷ್ಯರೇ ಜಾರುತ್ತಾರೆ.

2024ರ ಜುಲೈನಲ್ಲಿ ನಮ್ಮ ಹಳೇ ಕಾರು ಆ ತಿರುವಿನಲ್ಲಿ ಕೂತುಬಿಟ್ಟಿತು. ಮುಂದಿನ ಚಕ್ರಗಳು ಸುಮ್ನೆ ತಿರುಗುತ್ತಿವೆ, ಗಾಡಿ ನಿಂತಲ್ಲೇ ನಿಂತಿದೆ. ಒಳಗೆ ನಾನು, ಹೆಂಡತಿ, ಇಬ್ಬರು ಮಕ್ಕಳು, ಮಂಡಿನೋವಿನ ನನ್ನಮ್ಮ. ಸಂಜೆ ಆರು ಗಂಟೆ. ಅಮ್ಮನ ಕೈಹಿಡಿದು ಮಳೆಯಲ್ಲಿ ಮೇಲೆ ನಡೆಸಿಕೊಂಡು ಹೋಗಿ, ಮನೆಯ ಜಗುಲಿಯಲ್ಲಿ ಕೂರಿಸಿ, ಅವರ ಕಾಲಿನಿಂದ ಇಂಬಳ ಕೀಳುತ್ತಾ ಇದ್ದಾಗ ಮಾವ ಒಂದೇ ಮಾತು ಹೇಳಿದರು: "ಮಳೆಗಾಲದಲ್ಲಿ ಬರೋದಾದ್ರೆ ಜೀಪ್ ತಗೊಳ್ಳಿ. ಇಲ್ಲಾಂದ್ರೆ ಮೇಲೆ ಡಾಂಬರಿನಲ್ಲೇ ನಿಲ್ಲಿಸಿ ಫೋನ್ ಮಾಡಿ, ನಾನು ಜೀಪ್ ತರ್ತೀನಿ." ಮಾರನೇ ದಿನ ಪಕ್ಕದ ತೋಟದ ಟ್ರ್ಯಾಕ್ಟರ್ ತರಿಸಿ ಎಳೆಸಿದೆವು.

ಮಾವ ಹೇಳಿದ ಎರಡನೇ ದಾರಿ ಸರಳವಾಗಿತ್ತು. ಖರ್ಚೂ ಇಲ್ಲ. ಅದನ್ನು ನಾನು ನಿಜವಾಗಿಯೂ ಯೋಚಿಸಿದೆ. ಕೊಡಚಾದ್ರಿಗೆ ಹೋದಾಗ ನಾವೇನು ಸ್ವಂತ ಗಾಡಿಯಲ್ಲಿ ಹತ್ತಿದೆವಾ? ಅಲ್ಲಿನ ಜೀಪಿನವರೇ ಕರೆದುಕೊಂಡು ಹೋದರು. ವರ್ಷಕ್ಕೊಂದು ಸಲ ಬೆಟ್ಟ ನೋಡೋದಕ್ಕೆ 20 ಲಕ್ಷದ ಗಾಡಿ ಬೇಡ. ಆದರೆ ನಾವು ಇಲ್ಲಿಗೆ ತಿಂಗಳಿಗೊಮ್ಮೆ ಬರುತ್ತೇವೆ. ಮಾವನಿಗೂ ವಯಸ್ಸಾಯಿತು. ರಾತ್ರಿ ಹೊತ್ತು ಅವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಅವರ ಎಂಎಂ 540 ಜೀಪನ್ನು ಓಡಿಸುವವರು ಅವರೊಬ್ಬರೇ. ಆ ಗಾಡಿಯ ಗೇರು ಬೇರೆ ಯಾರ ಮಾತನ್ನೂ ಕೇಳುವುದಿಲ್ಲ.

ಹುಡುಕೋಕೆ ಶುರು ಮಾಡಿದಾಗ ಎಲ್ಲರಂತೆ ನಾನೂ ವೀಡಿಯೊ ನೋಡಿದೆ. ಒಂದು ತಿಂಗಳು. ಕೊನೆಗೆ ತಲೆ ಕೆಟ್ಟಿತೇ ಹೊರತು ಏನೂ ತೀರ್ಮಾನ ಆಗಲಿಲ್ಲ. ಅವರೆಲ್ಲ ಓಡಿಸುತ್ತಿದ್ದುದು ಅವರ ದಾರಿಯಲ್ಲಿ. ಹಾಗಾಗಿ ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಟೇಪು ಹಿಡಿದುಕೊಂಡು ನಮ್ಮ ದಾರಿಯನ್ನೇ ಅಳೆದೆ. ತೋಟದ ಲೆಕ್ಕ ನೋಡುವ ರೈಟ್ರು ನನ್ನನ್ನು ನೋಡಿ ಸರ್ವೆಯವರು ಬಂದಿದ್ದಾರೆ ಅಂದುಕೊಂಡರಂತೆ.

ಅಳೆದದ್ದು ಮೂರೇ. ಒಂದು, ಎರಡು ಚಕ್ರದ ಜಾಡಿನ ನಡುವೆ ಎದ್ದು ನಿಂತ ಮಣ್ಣಿನ ದಿಬ್ಬ. ಅತಿ ಎತ್ತರದ ಕಡೆ 18 ಸೆಂಟಿಮೀಟರ್ ಬಂತು. ಎರಡು, ಏರು. ಫೋನಿನಲ್ಲಿ ಇಳಿಜಾರು ತೋರಿಸುವ ಆ್ಯಪ್ ಇರುತ್ತದಲ್ಲ, ಅದರಲ್ಲಿ ತಿರುವಿನ ಹತ್ತಿರ 17 ಡಿಗ್ರಿ. ಕೇಳೋಕೆ ಸಣ್ಣದು ಅನಿಸುತ್ತದೆ. ಆದರೆ ಅದರ ಅರ್ಥ, ಪ್ರತಿ 10 ಅಡಿ ಮುಂದೆ ಹೋದರೆ 3 ಅಡಿ ಮೇಲೆ ಏರಬೇಕು ಅಂತ. ಮೂರು, ಹಳ್ಳದ ನೀರು. ಜೋರು ಮಳೆ ಬಂದು ನಿಂತ ಮೇಲೆ ಮೊಣಕಾಲಿಗಿಂತ ಸ್ವಲ್ಪ ಕೆಳಗೆ. ಇನ್ನೂ ಮೇಲೆ ಬಂದರೆ ಮಾವನೇ ಜೀಪು ಇಳಿಸುವುದಿಲ್ಲ.

ಈ ಮೂರು ಅಂಕಿ ಕೈಗೆ ಬಂದ ಮೇಲೆ ನಾನು ನೋಡಿಟ್ಟುಕೊಂಡಿದ್ದ ಗಾಡಿಗಳ ಅರ್ಧ ಪಟ್ಟಿ ತಾನಾಗಿ ಉದುರಿತು.

ಮೊದಲು ಹೋದ ಶೋರೂಮಿನಲ್ಲಿ ಮಾರುವ ಹುಡುಗ, "ಸಾರ್, ಎಡಬ್ಲ್ಯೂಡಿ, ಫೋರ್ ಬೈ ಫೋರ್ ಎಲ್ಲ ಒಂದೇ, ನಾಲ್ಕೂ ಚಕ್ರಕ್ಕೆ ಪವರ್ ಹೋಗುತ್ತೆ" ಅಂದ. ಒಂದೇ ಅಲ್ಲ. ನನಗೂ ಆಗ ಪೂರ್ತಿ ಗೊತ್ತಿರಲಿಲ್ಲ, ಆಮೇಲೆ ಕೂತು ತಿಳಿದುಕೊಂಡೆ. ಎಡಬ್ಲ್ಯೂಡಿ ಅಂದರೆ ಆಲ್ ವೀಲ್ ಡ್ರೈವ್. ಮಾರುತಿ ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್, ಎಕ್ಸ್‌ಯುವಿ 700ರ ಎಡಬ್ಲ್ಯೂಡಿ ಇಂಥವುಗಳಲ್ಲಿ ಮುಖ್ಯವಾಗಿ ಮುಂದಿನ ಚಕ್ರಗಳೇ ಎಳೆಯುತ್ತವೆ. ಅವು ಜಾರಿದಾಗ ಒಂದು ಕ್ಲಚ್ ಕಚ್ಚಿಕೊಂಡು ಹಿಂದಿನ ಚಕ್ರಕ್ಕೂ ಶಕ್ತಿ ಕಳಿಸುತ್ತದೆ. ಎಲ್ಲವೂ ತಾನಾಗೇ ಆಗುತ್ತದೆ. ಒದ್ದೆ ಘಾಟಿ ರಸ್ತೆಗೆ, ಹುಲ್ಲುಗಾವಲಿಗೆ, ಸ್ವಲ್ಪ ಕೆಸರಿಗೆ ಇದು ಚೆನ್ನಾಗಿದೆ. ಆದರೆ ಫೋರ್ ಬೈ ಫೋರ್ ಗಾಡಿಯಲ್ಲಿರುವ ಲೋ ಗೇರ್ ಇದರಲ್ಲಿಲ್ಲ.

ನಮ್ಮ ತಿರುವಿಗೆ ಬೇಕಾದದ್ದೇ ಆ ಲೋ ಗೇರ್. ಅದು ಗೇರ್‌ಬಾಕ್ಸಿನ ಹಿಂದೆ ಇರುವ ಇನ್ನೊಂದು ಜೊತೆ ಹಲ್ಲುಚಕ್ರ. ಅದನ್ನು ಹಾಕಿದರೆ ಗಾಡಿಯ ವೇಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಚಕ್ರಕ್ಕೆ ಸಿಗುವ ಎಳೆತ ಅಷ್ಟೇ ಪಟ್ಟು ಜಾಸ್ತಿಯಾಗುತ್ತದೆ. ಕ್ಲಚ್ ಸುಡದೆ, ಆಕ್ಸಿಲರೇಟರ್ ಒತ್ತದೆ, ಎತ್ತಿನಗಾಡಿಯ ಹಾಗೆ ಏರಬಹುದು. ಅದಕ್ಕಿಂತ ದೊಡ್ಡ ಉಪಯೋಗ ಇಳಿಯುವಾಗ. ಬ್ರೇಕ್ ಮುಟ್ಟದೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಜೇಡಿ ಮಣ್ಣಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ.

ಹಾಗಾಗಿ ಲೋ ಗೇರ್ ಇರುವವು ಮಾತ್ರ ಅಂತ ಗೆರೆ ಎಳೆದೆ. ಉಳಿದದ್ದು ಮಾರುತಿ ಜಿಮ್ನಿ, ಫೋರ್ಸ್ ಗೂರ್ಖಾ, ಮಹೀಂದ್ರದ ಸ್ಕಾರ್ಪಿಯೋ ಎನ್, ಆಗಷ್ಟೇ ಬಂದಿದ್ದ ಮಹೀಂದ್ರದ್ದೇ ಥಾರ್ ರಾಕ್ಸ್, ಮತ್ತೆ ಟೊಯೋಟಾ ಫಾರ್ಚುನರ್. ಫಾರ್ಚುನರ್ ಬೆಲೆ ನೋಡಿ ಆ ಪುಟವನ್ನು ಅಲ್ಲೇ ಮುಚ್ಚಿದೆ.

ಮಾವನಿಗೆ ಇಷ್ಟವಾದದ್ದು ಜಿಮ್ನಿ. ಅವರು ಹೇಳಿದ ಕಾರಣ ಸರಿಯಾಗಿಯೇ ಇತ್ತು. ಅದರ ತೂಕ ಸುಮಾರು 1,200 ಕಿಲೋ. ಕೆಸರಿನಲ್ಲಿ ಹಗುರ ಗಾಡಿ ಮುಳುಗುವುದಿಲ್ಲ. ಕೆಳಗಿನ ಎತ್ತರ 210 ಮಿಲಿಮೀಟರ್, ಅಂದರೆ ನಮ್ಮ 18 ಸೆಂಟಿಮೀಟರ್ ದಿಬ್ಬದ ಮೇಲೆ 3 ಸೆಂಟಿಮೀಟರ್ ಉಳಿಯಿತು. ಬೆಂಗಳೂರಿನ ಸಂದಿಗೂ ಸಲೀಸು. ಆದರೆ ಅದು ನಾಲ್ಕೇ ಜನರ ಗಾಡಿ, ನಾವು ಐದು ಜನ. ಮಕ್ಕಳಲ್ಲಿ ಒಬ್ಬರನ್ನು ಮನೆಯಲ್ಲಿ ಬಿಟ್ಟು ಬರೋಣ ಅಂತ ದೊಡ್ಡ ಮಗಳೇ ತಮ್ಮನನ್ನು ತೋರಿಸಿ ಸಲಹೆ ಕೊಟ್ಟಳು. ನಾವಿಬ್ಬರೇ ಇದ್ದಿದ್ದರೆ ಇಂದಿಗೂ ನಾನು ಅದನ್ನೇ ತೆಗೆದುಕೊಳ್ಳುತ್ತಿದ್ದೆ.

ಗೂರ್ಖಾದಲ್ಲಿ ಮುಂದೆ ಹಿಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್ ಇದೆ, ಅಂದರೆ ಒಂದು ಚಕ್ರ ಜಾರಿದರೂ ಎಡಬಲದ ಚಕ್ರಗಳು ಒಟ್ಟಿಗೇ ತಿರುಗುವ ಹಾಗೆ ಬಿಗಿಯುವ ವ್ಯವಸ್ಥೆ. ಮಣ್ಣಿನಲ್ಲಿ ಅದಕ್ಕಿಂತ ಗಟ್ಟಿಗ ಈ ಬೆಲೆಗೆ ಸಿಗುವುದಿಲ್ಲ. ಆದರೆ ಮ್ಯಾನುಯಲ್ ಗೇರ್ ಮಾತ್ರ. ವಾರದಲ್ಲಿ ಐದು ದಿನ ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟುವವಳು ನನ್ನ ಹೆಂಡತಿ. ಅವಳು ಒಂದೇ ಸಲ ತಲೆ ಅಲ್ಲಾಡಿಸಿದಳು, ಮುಗಿಯಿತು.

ಸ್ಕಾರ್ಪಿಯೋ ಎನ್ ಮತ್ತು ರಾಕ್ಸ್ ನಡುವೆ ಎರಡು ತಿಂಗಳು ಒದ್ದಾಡಿದೆ. ಎರಡರಲ್ಲೂ ಫೋರ್ ಬೈ ಫೋರ್ ಡೀಸೆಲ್‌ನಲ್ಲಿ ಮಾತ್ರ ಬರುತ್ತದೆ. ಸ್ಕಾರ್ಪಿಯೋದಲ್ಲಿ ಮೂರನೇ ಸಾಲು ಇದೆ, ನಮಗದು ಬೇಡ. ಮಡಚಿದರೂ ಡಿಕ್ಕಿಯಲ್ಲಿ ಜಾಗ ತಿನ್ನುತ್ತದೆ. ಊರಿಂದ ಬರುವಾಗ ನಮ್ಮ ಡಿಕ್ಕಿಯಲ್ಲಿ ಬಾಳೆಗೊನೆ, ಕಾಫಿಪುಡಿ, ತೆಂಗಿನಕಾಯಿ, ಒಮ್ಮೊಮ್ಮೆ ಹಲಸಿನಹಣ್ಣು ಇರುತ್ತದೆ. ರಾಕ್ಸ್ ಐದೇ ಸೀಟು, ಹಿಂದೆ ಪೂರ್ತಿ ಖಾಲಿ. ಕಂಪನಿ ಹೇಳುವ ಪ್ರಕಾರ 650 ಮಿಲಿಮೀಟರ್ ನೀರಿನಲ್ಲಿ ಇಳಿಯಬಹುದು, ನಮ್ಮ ಹಳ್ಳಕ್ಕೆ ಧಾರಾಳ ಸಾಕು.

ಶೋರೂಮಿನವರ ಟೆಸ್ಟ್ ಡ್ರೈವ್ ಅಂದರೆ ಫ್ಲೈಓವರ್ ಹತ್ತಿ ಇಳಿಯೋದು. ನಮ್ಮ ದಾರಿಗೆ ಕೊಡಿ ಅಂದರೆ ನಕ್ಕರು. ಸಕಲೇಶಪುರದಲ್ಲಿ ಪರಿಚಯದವರ ಪರಿಚಯದವರೊಬ್ಬರು ರಾಕ್ಸ್ ತೆಗೆದುಕೊಂಡಿದ್ದರು. ಒಂದು ಕಿಲೋ ಏಲಕ್ಕಿ ಹಿಡಿದುಕೊಂಡು ಹೋಗಿ ಕೇಳಿದೆ. ಅವರೇ ಓಡಿಸಿಕೊಂಡು ಬಂದರು. ಐದೂ ಜನ ಕೂತೆವು, ಡಿಕ್ಕಿಯಲ್ಲಿ ಎರಡು ಮೂಟೆ ಗೊಬ್ಬರ ಹಾಕಿಸಿದೆ. ಖಾಲಿ ಗಾಡಿಯಲ್ಲಿ ನೋಡಿದರೆ ಪ್ರಯೋಜನ ಇಲ್ಲ. ಜನ, ಸಾಮಾನು ತುಂಬಿದಾಗ ಸ್ಪ್ರಿಂಗು ಕುಸಿದು ಗಾಡಿಯ ಹೊಟ್ಟೆ ಕೆಳಗೆ ಬರುತ್ತದೆ. ರಾಕ್ಸಿನ ಹಾಗೆ ಹಿಂದೆ ಗಟ್ಟಿ ಆಕ್ಸಲ್ (ಎರಡೂ ಚಕ್ರವನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು) ಇರುವ ಗಾಡಿಯಲ್ಲಿ ಒಂದು ವಿಶೇಷ ಇದೆ: ಆ ಅಚ್ಚಿನ ನಡುವೆ ಹಲ್ಲುಚಕ್ರಗಳಿರುವ ಗುಂಡು, ಅಂದರೆ ಡಿಫರೆನ್ಷಿಯಲ್, ಚಕ್ರದ ಜೊತೆಗೇ ಇರುವುದರಿಂದ ಎಷ್ಟು ತುಂಬಿದರೂ ಅದು ನೆಲದಿಂದ ಅಷ್ಟೇ ಎತ್ತರದಲ್ಲಿರುತ್ತದೆ. ನಾನು ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ಎಲ್ಲೂ ತಾಗಲಿಲ್ಲ.

ತಾಗಿದ್ದು ಅಮ್ಮನ ಮಂಡಿ. "ಇದೇನಪ್ಪಾ, ಅಟ್ಟ ಹತ್ತಿದ ಹಾಗಾಯ್ತು" ಅಂದರು. ಇದನ್ನು ನಾನು ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ. ವಯಸ್ಸಾದವರು ಮನೆಯಲ್ಲಿದ್ದರೆ ಮೊದಲ ದಿನವೇ ಅವರನ್ನು ಶೋರೂಮಿಗೆ ಕರೆದುಕೊಂಡು ಹೋಗಿ, ಐದು ಸಲ ಹತ್ತಿಸಿ ಇಳಿಸಿ. ಬೇಸರ ಮಾಡಿಕೊಳ್ಳುತ್ತಾರೆ, ಪರವಾಗಿಲ್ಲ.

2025ರ ಮಾರ್ಚಿನಲ್ಲಿ ರಾಕ್ಸ್ ಎಎಕ್ಸ್5ಎಲ್ ಫೋರ್ ಬೈ ಫೋರ್ ಆಟೊಮ್ಯಾಟಿಕ್ ಮನೆಗೆ ಬಂತು. ಶೋರೂಂ ಬೆಲೆ 21 ಲಕ್ಷದ ಹತ್ತಿರ. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದರೆ ಶೇ 18 ಜೀವಾವಧಿ ತೆರಿಗೆ, ಮೇಲೆ ಸೆಸ್. ಅದೇ ಮೂರೂಮುಕ್ಕಾಲು ಲಕ್ಷ ದಾಟಿತು. ಬಜೆಟ್ ಹಾಕುವಾಗ ಶೋರೂಂ ಬೆಲೆ ನೋಡಿ ಖುಷಿಪಡಬೇಡಿ. ನಾನು ತೆಗೆದುಕೊಂಡ ಆರೇ ತಿಂಗಳಿಗೆ, ಸೆಪ್ಟೆಂಬರ್ 22ರಂದು ಜಿಎಸ್‌ಟಿ ಇಳಿಯಿತು. ಆ ದಿನ ಮನೆಯಲ್ಲಿ ಯಾರೂ ನನ್ನ ಹತ್ತಿರ ಗಾಡಿಯ ಮಾತೆತ್ತಲಿಲ್ಲ. ಒಂದು ವಿಷಯದಲ್ಲಿ ಅದೃಷ್ಟ: ಮೊದಲು ರಾಕ್ಸ್‌ಗೆ ಬಿಳಿ ಸೀಟುಗಳೇ ಇದ್ದವು, ಆಮೇಲೆ ಫೋರ್ ಬೈ ಫೋರ್‌ಗೆ ಕಂದು ಬಣ್ಣವೂ ಬಂತು. ಮಲೆನಾಡಿನ ಕೆಂಪು ಮಣ್ಣಿಗೆ ಬಿಳಿ ಸೀಟು! ನೆನೆಸಿಕೊಂಡರೆ ಭಯವಾಗುತ್ತದೆ.

ಓಡಿಸುವುದನ್ನು ಕಲಿಯೋದು ಬೇರೆಯೇ ಪಾಠ. ಈ ಗಾಡಿಯಲ್ಲಿ ಫೋರ್ ಬೈ ಫೋರ್ ಬೇಕಾದಾಗ ಮಾತ್ರ ಹಾಕಬೇಕು, ಒಣ ಡಾಂಬರಿನ ಮೇಲೆ ಹಾಕಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು. ಎರಡೂ ಆಕ್ಸಲ್ ಒಂದಕ್ಕೊಂದು ಬಿಗಿದುಕೊಂಡಿರುವಾಗ ಆ ವ್ಯತ್ಯಾಸ ಹೊರಗೆ ಹೋಗಲು ದಾರಿಯೇ ಇಲ್ಲ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಸ್ಟಿಯರಿಂಗ್ ಬಿಗಿಯಾಗಿ, ಒಳಗಿನ ಹಲ್ಲುಗಳ ಮೇಲೆ ಭಾರ ಬೀಳುತ್ತದೆ. ಮಳೆಯ ಶಿರಾಡಿ ಘಾಟಿಯಲ್ಲಿ ತಾನಾಗೇ ಕೆಲಸ ಮಾಡುವ ಎಡಬ್ಲ್ಯೂಡಿಯೇ ಇದಕ್ಕಿಂತ ಒಳ್ಳೆಯದು. ನಿಮ್ಮ ಓಡಾಟ ಅಂಥದ್ದಾದರೆ ನನ್ನ ಹಾದಿ ಹಿಡಿಯಬೇಡಿ.

ಜೂನ್ ಕೊನೆಯಲ್ಲಿ ಮೊದಲ ಪರೀಕ್ಷೆ. ಏರಿದ್ದು ಸಲೀಸಾಗಿತ್ತು. ಅದರ ಧೈರ್ಯದಲ್ಲಿ ಮಾರನೇ ಬೆಳಿಗ್ಗೆ ಇಳಿಯುವಾಗ 4ಎಲ್ (ಫೋರ್ ಬೈ ಫೋರ್ ಜೊತೆಗೆ ಲೋ ಗೇರ್) ಹಾಕದೆ ಹೊರಟೆ. ತಿರುವಿನಲ್ಲಿ ಗಾಬರಿಯಾಗಿ ಬ್ರೇಕ್ ಒತ್ತಿದೆ. ಎರಡು ಟನ್ ಹತ್ತಿರದ ಗಾಡಿ ಸೋಪಿನ ಹಾಗೆ ಅಡ್ಡಲಾಗಿ ಜಾರಿ, ಒಂದು ಸಿಲ್ವರ್ ಮರಕ್ಕೆ ಒಂದಡಿ ದೂರದಲ್ಲಿ ನಿಂತಿತು. ತಪ್ಪು ಗಾಡಿಯದಲ್ಲ, ಪೂರ್ತಿ ನನ್ನದು. ನಾಲ್ಕು ಚಕ್ರಕ್ಕೂ ಎಳೆತ ಸಿಕ್ಕ ಮಾತ್ರಕ್ಕೆ ನಿಲ್ಲುವ ಶಕ್ತಿ ಜಾಸ್ತಿಯಾಗುವುದಿಲ್ಲ. ಬ್ರೇಕ್ ಎಲ್ಲ ಕಾರಿಗೂ ನಾಲ್ಕೂ ಚಕ್ರಕ್ಕೆ ಇದ್ದದ್ದೇ ಅಲ್ವಾ.

ಮಾವ ಕೊಡೆ ಹಿಡಿದುಕೊಂಡು ಇಳಿದು ಬಂದರು. ಟೈರು ನೋಡಿದರು. ಗೆರೆಗಳೆಲ್ಲ ಜೇಡಿಯಿಂದ ತುಂಬಿ ಬೋಳಾಗಿದ್ದವು. "ಗಾಳಿ ಬಿಡಿ" ಅಂದರು. 22 ಪಿಎಸ್‌ಐಗೆ ಇಳಿಸಿದೆ. ಟೈರು ಅಗಲವಾಗಿ ನೆಲಕ್ಕೆ ಅಂಟಿತು, 4ಎಲ್‌ನಲ್ಲಿ ಕಾಲು ಬ್ರೇಕಿನಿಂದ ದೂರ ಇಟ್ಟು ಇಳಿದೆ. ಅಂದಿನಿಂದ ಡಿಕ್ಕಿಯಲ್ಲಿ ಗಾಳಿ ತುಂಬುವ ಸಣ್ಣ ಪಂಪು, ಎಳೆಯುವ ಪಟ್ಟಿ, ಗುದ್ದಲಿ ಇರುತ್ತದೆ. ಡಾಂಬರಿಗೆ ಬಂದ ತಕ್ಷಣ ಮತ್ತೆ ಗಾಳಿ ತುಂಬುತ್ತೇನೆ. ಇಲ್ಲದಿದ್ದರೆ ಹೈವೇಯಲ್ಲಿ ಟೈರು ಬಿಸಿಯಾಗಿ ಹಾಳಾಗುತ್ತದೆ.

ಇದೆಲ್ಲ ಕೇಳಿ ತಿಪಟೂರಿನ ಹತ್ತಿರ ತೋಟ ಮಾಡಿರುವ ನನ್ನ ತಮ್ಮ ತನಗೂ ಇಂಥದ್ದೇ ಬೇಕು ಅಂದ. ನಾನು ಅವನ ದಾರಿಯನ್ನೂ ನೋಡಿಬಂದೆ. ಸಮತಟ್ಟು ನೆಲ, ಗರಸು ಮಣ್ಣು, ಎಲ್ಲೂ ಏರಿಲ್ಲ. ಫೋರ್ ಬೈ ಫೋರ್ ಬೇಡ, ಎತ್ತರದ ಗಾಡಿ ಮತ್ತು ಒಳ್ಳೆಯ ಟೈರು ಸಾಕು ಅಂದೆ. ಅವನಿಗೆ ಸ್ವಲ್ಪ ಸಿಟ್ಟು ಬಂದಿದೆ.

ಅಮ್ಮನಿಗೆ ಊರಿನ ಬಡಗಿಯಿಂದ ಹಲಸಿನ ಮರದ ಒಂದು ಮಣೆ ಮಾಡಿಸಿದ್ದೇವೆ, ಆರು ಇಂಚು ಎತ್ತರದ್ದು. ಅದನ್ನು ನೆಲದ ಮೇಲಿಟ್ಟು, ಬಾಗಿಲ ಹಿಡಿ ಹಿಡಿದು ಅವರು ಈಗ ಒಬ್ಬರೇ ಹತ್ತುತ್ತಾರೆ. ಮಣೆಯನ್ನು ಡಿಕ್ಕಿಗೆ ಹಾಕುವ ಕೆಲಸ ಮಗನದು. ಕಳೆದ ಸಲ ಅವನು ಅದನ್ನು ಜಗುಲಿಯಲ್ಲೇ ಮರೆತು ಬಂದ, ಹಾಸನದ ಹೋಟೆಲಿನಲ್ಲಿ ಕಾಫಿಗೆ ಇಳಿದ ಅಮ್ಮನನ್ನು ಮತ್ತೆ ಹತ್ತಿಸಲು ಪ್ಲಾಸ್ಟಿಕ್ ಸ್ಟೂಲ್ ಕೇಳಿ ತರಬೇಕಾಯಿತು.