ಹೆಸರು ತುಂಬಿಸಿದ್ದು ಸಾಕು, ಮಕ್ಕಳಿಗೆ ನಕ್ಷೆ ಓದಲು ಕಲಿಸೋಣ

ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಭೂಗೋಳ ಅಂದರೆ ಎಷ್ಟೋ ಸಲ ಖಾಲಿ ನಕ್ಷೆಯಲ್ಲಿ ನದಿ, ಬೆಟ್ಟ, ರಾಜಧಾನಿಗಳ ಹೆಸರು ಬರೆದು ಬಣ್ಣ ಹಚ್ಚುವುದು, ಅಷ್ಟೇ. ಪರೀಕ್ಷೆ ಮುಗಿದ ಮೇಲೆ ಆ ಹೆಸರುಗಳೂ ಉಳಿಯುವುದಿಲ್ಲ. ಹೆಸರು ಗೊತ್ತಿರಬೇಕು, ನಿಜ. ಆದರೆ ನಕ್ಷೆ ಇರುವುದು ಪ್ರಶ್ನೆ ಕೇಳಿ ಉತ್ತರ ಹುಡುಕಲಿಕ್ಕೆ. ಪಾಠವನ್ನೂ ಹಾಗೇ ಮಾಡಬಹುದು.

ಶುರುವಿನಲ್ಲಿ ಅಟ್ಲಾಸ್ ಬೇಡ. ಮೊದಲು ತರಗತಿಯ ನಕ್ಷೆಯನ್ನು ಮಕ್ಕಳೇ ಬರೆಯಲಿ. ಚೌಕಳಿ ಹಾಳೆ ಕೊಡಿ, ಒಂದು ಹೆಜ್ಜೆಗೆ ಒಂದು ಚೌಕ ಅಂತ ಹೇಳಿ, ಇಬ್ಬಿಬ್ಬರನ್ನು ಜೋಡಿ ಮಾಡಿ ಬಿಡಿ. ಕೆಲವರು ಬೆಂಚಿಗೆ ಕಾಲು ಬರೆಯುತ್ತಾರೆ, ಬಾಗಿಲನ್ನು ಎದುರಿನಿಂದ ಕಂಡ ಹಾಗೆ ನಿಲ್ಲಿಸುತ್ತಾರೆ. ತಕ್ಷಣ ತಿದ್ದಬೇಡಿ. ಚಾವಣಿಯಿಂದ ನೇರ ಕೆಳಗೆ ನೋಡಿದರೆ ಬೆಂಚಿನ ಕಾಲು ಕಾಣುತ್ತಾ ಅಂತ ಕೇಳಿ, ಅವರೇ ಅಳಿಸಿ ಮತ್ತೆ ಬರೆಯುತ್ತಾರೆ. ಎತ್ತರದ ಹುಡುಗನ ಹೆಜ್ಜೆಗೂ ಪುಟ್ಟ ಹುಡುಗಿಯ ಹೆಜ್ಜೆಗೂ ಲೆಕ್ಕ ಬೇರೆ ಬಂದು ವಾದ ಶುರುವಾದರೆ ಆಗಲಿ ಬಿಡಿ, ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕು ಅನ್ನುವುದು ಆ ವಾದದಲ್ಲೇ ತಿಳಿಯುತ್ತದೆ, ಸ್ಕೇಲ್ (ನಕ್ಷೆಯ ಅಳತೆಗೂ ನೆಲದ ಅಳತೆಗೂ ಇರುವ ಅನುಪಾತ) ಪಾಠಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಆಮೇಲೆ ಕೋಣೆಯಲ್ಲಿ ಒಂದು ವಸ್ತು ಬಚ್ಚಿಟ್ಟು, ನಕ್ಷೆಯಲ್ಲಿ ಗುರುತು ಹಾಕಿ ಬೇರೆ ಜೋಡಿಗೆ ಕೊಡಿಸಿ. ವಸ್ತು ಸಿಗದಿದ್ದರೆ ನಕ್ಷೆ ಎಲ್ಲಿ ತಪ್ಪಿದೆ ಅಂತ ಅವರೇ ಹುಡುಕಲಿ.

ದಿಕ್ಕು ಕಲಿಸಲು ಬಿಸಿಲಿಗೆ ಕರೆದುಕೊಂಡು ಹೋಗಿ. ನೆಲಕ್ಕೆ ಕೋಲು ನೆಟ್ಟು ನೆರಳಿನ ತುದಿಗೆ ಕಲ್ಲಿಡಿ. ಅರ್ಧ ಗಂಟೆ ಬಿಟ್ಟು ಹೊಸ ತುದಿಗೆ ಇನ್ನೊಂದು ಕಲ್ಲು. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ, ಹೆಚ್ಚೂ ಕಡಿಮೆ. ಮಧ್ಯಾಹ್ನದ ಹೊತ್ತಿಗೆ ಮಾಡಿದರೆ ಇನ್ನೂ ಸರಿಯಾಗಿ ಬರುತ್ತದೆ. ದಿಕ್ಸೂಚಿ ಇದ್ದರೆ ಅದರ ಜೊತೆ ಹೋಲಿಸಿ ನೋಡಿ. ಇನ್ನೊಂದು ಮುಖ್ಯ ಮಾತು: ಗೋಡೆಯ ನಕ್ಷೆಯನ್ನು ಆಗಾಗ ನೆಲದ ಮೇಲೆ ಹಾಸಿ, ಅದರ ಉತ್ತರವನ್ನು ನಿಜವಾದ ಉತ್ತರಕ್ಕೆ ತಿರುಗಿಸಿ. ಯಾವಾಗಲೂ ಗೋಡೆಯ ಮೇಲೇ ನೋಡಿದ ಮಕ್ಕಳಿಗೆ ಉತ್ತರ ಅಂದರೆ ಮೇಲೆ, ದಕ್ಷಿಣ ಅಂದರೆ ಕೆಳಗೆ ಅಂತ ಕೂತುಬಿಟ್ಟಿರುತ್ತದೆ. ಹಾಗಾಗಿ ನೈಲ್ ನದಿ ಉತ್ತರಕ್ಕೆ ಹರಿಯುತ್ತದೆ ಅಂದಾಗ ಅವರಿಗೆ ನಂಬಲಿಕ್ಕೇ ಆಗುವುದಿಲ್ಲ.

ಸ್ಕೇಲ್‌ಗೆ ದಾರ ಸಾಕು. 1:50,000 ನಕ್ಷೆಯಲ್ಲಿ 1 ಸೆಂ.ಮೀ. ಅಂದರೆ ನೆಲದ ಮೇಲೆ 500 ಮೀಟರ್. 1:10,00,000 ಆದರೆ 10 ಕಿ.ಮೀ. ಅಂಕುಡೊಂಕು ರಸ್ತೆಯ ಮೇಲೆ ದಾರ ಇಟ್ಟು, ಆಮೇಲೆ ಬಿಡಿಸಿ ಅಳೆಯಲಿ.

ಈಗ ಗ್ಲೋಬ್. ಪ್ರಪಂಚದ ಚಪ್ಪಟೆ ನಕ್ಷೆಗಿಂತ ಮೊದಲು ಗ್ಲೋಬ್ ತೋರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಳೆಯ ರಬ್ಬರ್ ಚೆಂಡನ್ನು ಕತ್ತರಿಸಿ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಲು ಹೇಳಿ. ಹರಿಯದೆ, ಎಳೆಯದೆ ಆಗುವುದೇ ಇಲ್ಲ. ನಕ್ಷೆ ಮಾಡುವವರಿಗೂ ಇದೇ ಕಷ್ಟ. ನಕ್ಷೆಗಾರ ಮರ್ಕೇಟರ್ 1569ರಲ್ಲಿ ಮಾಡಿದ ಪ್ರಪಂಚದ ನಕ್ಷೆಯಲ್ಲಿ ನಾವಿಕರಿಗೆ ಅನುಕೂಲ ಇತ್ತು, ಒಂದೇ ದಿಕ್ಸೂಚಿ ದಿಕ್ಕು ಹಿಡಿದು ಹೋಗುವ ದಾರಿ ಅದರಲ್ಲಿ ನೇರ ಗೆರೆಯಾಗಿ ಬರುತ್ತದೆ. ಅದಕ್ಕೆ ಬೆಲೆ ತೆತ್ತಿದ್ದು ವಿಸ್ತೀರ್ಣ. 60 ಡಿಗ್ರಿ ಅಕ್ಷಾಂಶದಲ್ಲಿ ಎಲ್ಲವೂ ಎರಡು ಪಟ್ಟು ಹಿಗ್ಗುತ್ತದೆ, ಅಂದರೆ ವಿಸ್ತೀರ್ಣ ನಾಲ್ಕು ಪಟ್ಟು. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು. ಇದನ್ನು ನೀವು ಹೇಳಿಬಿಡಬೇಡಿ. ಗ್ಲೋಬ್ ಮೇಲೆ ಗ್ರೀನ್‌ಲ್ಯಾಂಡಿನ ಆಕಾರವನ್ನು ತೆಳು ಕಾಗದದಲ್ಲಿ ತೆಗೆದು ಆಫ್ರಿಕಾದ ಮೇಲೆ ಮಕ್ಕಳೇ ಇಟ್ಟು ನೋಡಲಿ. ಹಾಗೇ ಟೋಕಿಯೊದಿಂದ ನ್ಯೂಯಾರ್ಕ್‌ಗೆ ದಾರ ಬಿಗಿದು ಎಳೆಯಲಿ. ದಾರ ಅಲಾಸ್ಕದ ಕಡೆ ಹೋಗುತ್ತದೆ! ಚಪ್ಪಟೆ ನಕ್ಷೆಯಲ್ಲಿ ಸುತ್ತು ದಾರಿ ಅನಿಸುವುದೇ ಹತ್ತಿರದ ದಾರಿ.

ಅಕ್ಷಾಂಶ, ರೇಖಾಂಶಗಳಿಗೂ ಗ್ಲೋಬೇ ಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ ಅನ್ನುವುದೊಂದು ಗೊತ್ತಾದರೆ ಬೇರೆ ಬೇರೆ ಕಡೆ ಗಂಟೆ ಎಷ್ಟಿರಬಹುದು ಅಂತ ಅಂದಾಜು ಮಾಡಬಹುದು. ಟಾರ್ಚ್ ಹಿಡಿದು ಗ್ಲೋಬ್ ತಿರುಗಿಸಿ ತೋರಿಸಿ.

ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು, ಮಕ್ಕಳನ್ನು ಜಾಸ್ತಿ ಗೊಂದಲ ಮಾಡುತ್ತವೆ. ಪಾರದರ್ಶಕ ಡಬ್ಬಿಯಲ್ಲಿ ಜೇಡಿಮಣ್ಣಿನ ಗುಡ್ಡ ಮಾಡಿ, 1 ಸೆಂ.ಮೀ. ನೀರು ಹಾಕಿ, ನೀರು ಗುಡ್ಡಕ್ಕೆ ತಾಗುವ ಕಡೆ ಸುತ್ತಲೂ ಕಡ್ಡಿಯಿಂದ ಗೀರಿ. ಇನ್ನೊಂದು ಸೆಂಟಿಮೀಟರ್ ನೀರು, ಇನ್ನೊಂದು ಗೀರು. ನೀರು ಚೆಲ್ಲಿ ಮೇಲಿನಿಂದ ನೋಡಿದರೆ ಗೆರೆಗಳು ಹತ್ತಿರ ಇರುವ ಕಡೆ ಗುಡ್ಡ ಕಡಿದಾಗಿದೆ, ದೂರ ಇರುವ ಕಡೆ ಇಳಿಜಾರು ನಿಧಾನ. ಒಂದು ಪೀರಿಯಡ್ ಪೂರ್ತಿ ಹೋದರೂ ಪರವಾಗಿಲ್ಲ, ಚಿತ್ರ ತೋರಿಸಿ ವಿವರಿಸಿದ್ದಕ್ಕಿಂತ ಇದು ಚೆನ್ನಾಗಿ ನಿಲ್ಲುತ್ತದೆ.

ಇಷ್ಟಾದ ಮೇಲೆ ಪ್ರಶ್ನೆಗಳು. ಊರುಗಳ ಹೆಸರಿಲ್ಲದ, ನದಿ ಬೆಟ್ಟ ಮಾತ್ರ ಇರುವ ನಕ್ಷೆ ಕೊಟ್ಟು, ದೊಡ್ಡ ಊರು ಎಲ್ಲಿ ಬೆಳೆದಿರಬಹುದು ಅಂತ ಗುರುತು ಹಾಕಿಸಿ, ಆಮೇಲೆ ಅಟ್ಲಾಸ್ ತೆಗೆಸಿ. ನೀಲಿ ನೈಲ್, ಬಿಳಿ ನೈಲ್ ಸೇರುವಲ್ಲೇ ಸುಡಾನಿನ ರಾಜಧಾನಿ ಖಾರ್ಟೂಮ್ ಇರುವುದು ಕಂಡಾಗ ಮಕ್ಕಳಿಗೆ ಆಗುವ ಖುಷಿಯೇ ಬೇರೆ. ನನಗೆ ತುಂಬಾ ಇಷ್ಟವಾದ ಪಾಠ ಲಂಡನ್ನಿನ 1854ರ ಕಾಲರಾ ನಕ್ಷೆ. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಅಂತ ಜನ ನಂಬಿದ್ದ ಕಾಲದಲ್ಲಿ ಡಾಕ್ಟರ್ ಜಾನ್ ಸ್ನೋ ಸಾವು ಆದ ಮನೆಗಳನ್ನೆಲ್ಲ ನಕ್ಷೆಯಲ್ಲಿ ಗುರುತು ಮಾಡಿದರು, ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಗುರುತುಗಳು ಗುಂಪಾಗಿದ್ದವು. ಆ ನಕ್ಷೆ ಕೊಟ್ಟು, ಕಥೆ ಹೇಳದೆ, ಏನು ಕಾಣುತ್ತಿದೆ ಅಂತಷ್ಟೇ ಕೇಳಿ. ಪಂಪಿಗೆ ಹತ್ತಿರವೇ ಇದ್ದ ಬಡವರ ಆಶ್ರಯಧಾಮದಲ್ಲಿ ಸಾವು ತೀರಾ ಕಡಿಮೆ. ಯಾಕೆ ಅಂತ ಯೋಚಿಸಲಿ. ಅಲ್ಲಿಯವರಿಗೆ ಬೇರೆ ಬಾವಿ ಇತ್ತು.

ಇಂಟರ್ನೆಟ್ ಇದ್ದರೆ ಗೂಗಲ್ ಅರ್ಥ್ ಒಳ್ಳೆಯದು. ಆದರೆ ಸುಮ್ನೆ ಸುತ್ತಾಡಲು ಬಿಟ್ಟರೆ ಅರ್ಧ ಗಂಟೆ ಹೇಗೆ ಹೋಯಿತು ಅಂತ ಗೊತ್ತಾಗುವುದಿಲ್ಲ, ಅದಕ್ಕೆ ಒಂದು ಕೆಲಸ ಕೊಟ್ಟು ಕೂರಿಸಿ. ಅದರ ಟೈಮ್‌ಲ್ಯಾಪ್ಸ್‌ನಲ್ಲಿ 1984ರಿಂದ ಈಚಿನ ಉಪಗ್ರಹ ಚಿತ್ರಗಳಿವೆ. ಮಧ್ಯ ಏಷ್ಯಾದ ಅರಾಲ್ ಸಮುದ್ರ ಒಣಗುತ್ತಾ ಹೋಗುವುದನ್ನು ನೋಡಲಿ, ಅದಕ್ಕೆ ನೀರು ತರುತ್ತಿದ್ದ ಅಮು ದರಿಯಾ, ಸಿರ್ ದರಿಯಾ ನದಿಗಳ ಎರಡೂ ದಡದಲ್ಲಿ ಏನಿದೆ ಅಂತ ಹುಡುಕಲಿ. ಹತ್ತಿ ಹೊಲಗಳಿಗೆ ತಿರುಗಿಸಿದ ಕಾಲುವೆಗಳು ಕಣ್ಣಿಗೇ ಬೀಳುತ್ತವೆ.

ಪರೀಕ್ಷೆಯನ್ನೂ ಬದಲಿಸಿ. ಎಲ್ಲೂ ಇಲ್ಲದ ಒಂದು ದ್ವೀಪದ ನಕ್ಷೆ ನೀವೇ ಬರೆಯಿರಿ: ನಡುವೆ ಬೆಟ್ಟದ ಸಾಲು, ಎರಡು ನದಿ, ಒಂದು ಕೊಲ್ಲಿ, ಸ್ಕೇಲ್, ಗಾಳಿ ಸಮುದ್ರದಿಂದ ಬೀಸುವ ದಿಕ್ಕು. ಮಳೆ ಬೆಟ್ಟದ ಯಾವ ಕಡೆ ಜಾಸ್ತಿ, ಬಂದರು ಎಲ್ಲಿ ಕಟ್ಟಬೇಕು, ರಸ್ತೆ ಯಾವ ದಾರಿಯಲ್ಲಿ ಹೋಗಬೇಕು, ಅದು ಎಷ್ಟು ಕಿಲೋಮೀಟರ್ ಅಂತ ಕೇಳಿ. ಅಂಕ ಕೊಡುವಾಗ ಕಾರಣ ನೋಡಿ. ಇಬ್ಬರು ಬಂದರನ್ನು ಬೇರೆ ಬೇರೆ ಜಾಗದಲ್ಲಿ ತೋರಿಸಿ, ಇಬ್ಬರ ಕಾರಣವೂ ಗಟ್ಟಿಯಾಗಿದ್ದರೆ ಇಬ್ಬರಿಗೂ ಪೂರ್ತಿ ಅಂಕ ಕೊಡಿ.