ಓಂಕಾಳಿನ ಘಾಟು ಹಾರಿಹೋಗದಂತೆ ಬಳಸುವ ಬಗೆ

ಜೀರಿಗೆ, ಮೆಣಸುಗಳಿಗೆ ಅಡುಗೆಮನೆಯಲ್ಲಿರುವ ಮರ್ಯಾದೆ ಓಂಕಾಳಿಗಿಲ್ಲ. ಹೊಟ್ಟೆ ಉಬ್ಬರಿಸಿದ ದಿನ ಮಾತ್ರ ಅದರ ನೆನಪಾಗುತ್ತದೆ. ಆ ಹೊತ್ತಿಗೆ ಡಬ್ಬಿಯ ತಳದಲ್ಲಿ ಉಳಿದ ಕಾಳು ಹಳೆಯದಾಗಿ, ಘಾಟು ಕಳೆದುಕೊಂಡು, ಬರಿಯ ಹೊಟ್ಟಿನಂತಾಗಿರುತ್ತದೆ. ಓಮದ ಔಷಧಗುಣವೆಲ್ಲ ಇರುವುದು ಅದರ ಸುಗಂಧ ತೈಲದಲ್ಲಿ, ಮುಖ್ಯವಾಗಿ ಆ ತೈಲದಲ್ಲಿರುವ ಥೈಮಾಲ್ ಎಂಬ ಅಂಶದಲ್ಲಿ. ಕಾಳಿನ ತೂಕದ ಶೇಕಡಾ 2ರಿಂದ 4ರಷ್ಟು ಮಾತ್ರ ಇರುವ ಈ ತೈಲ ಗಾಳಿಗೂ ಬಿಸಿಗೂ ಹಾರಿಹೋಗುವಂಥದ್ದು. ಆದ್ದರಿಂದ ಕೊಳ್ಳುವಾಗ ನಾಲ್ಕು ಕಾಳನ್ನು ಅಂಗೈಯಲ್ಲಿ ತಿಕ್ಕಿ ಮೂಸಿ ನೋಡಬೇಕು; ಘಾಟು ಮೂಗಿಗೆ ಹೊಡೆಯದಿದ್ದರೆ ಎಷ್ಟು ಅಗ್ಗವಾಗಿದ್ದರೂ ಬೇಡ. ತಂದದ್ದನ್ನು ಒಲೆಯಿಂದ ದೂರದಲ್ಲಿ, ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿಡಬೇಕು. ಪುಡಿ ಮಾಡಿಟ್ಟುಕೊಳ್ಳುವುದಂತೂ ಸಲ್ಲದು, ಬೇಕಾದಾಗ ಬೇಕಾದಷ್ಟನ್ನೇ ಕುಟ್ಟಿಕೊಳ್ಳಬೇಕು.

ಊಟ ಭಾರವಾಗಿ ಹೊಟ್ಟೆ ಬಿಗಿದಾಗ ಕಾಲು ಚಮಚ ಓಮವನ್ನು ಒಂದು ಹರಳು ಸೈಂಧವ ಲವಣದೊಂದಿಗೆ ನಿಧಾನವಾಗಿ ಅಗಿದು, ಮೇಲೆ ಬಿಸಿನೀರು ಕುಡಿಯುವುದು ಎಲ್ಲಕ್ಕಿಂತ ಸರಳವಾದ ಕ್ರಮ. ಅಗಿಯಲಾಗದವರು ಅರ್ಧ ಚಮಚ ಕಾಳನ್ನು ಜಜ್ಜಿ, ಒಂದು ಲೋಟ ಕುದಿಯುವ ನೀರಿಗೆ ಹಾಕಿ, ಒಲೆಯಾರಿಸಿ, ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟು ಸೋಸಿ ಕುಡಿಯಬಹುದು. ಅರ್ಧಕ್ಕೆ ಇಳಿಯುವವರೆಗೆ ತೆರೆದ ಪಾತ್ರೆಯಲ್ಲಿ ಕುದಿಸಿದರೆ ಮನೆಯೆಲ್ಲ ಘಮಘಮಿಸುತ್ತದೆ ನಿಜ, ಆದರೆ ಹೊಟ್ಟೆಗೆ ಹೋಗಬೇಕಾದದ್ದು ಸೂರಿಗೆ ಹೋಗಿರುತ್ತದೆ. ಅಂಗಡಿಯಲ್ಲಿ ಸಿಗುವ ಓಮದ ನೀರು ಆವಿಯನ್ನು ಹಿಡಿದು ತಣಿಸಿ ಇಳಿಸಿದ್ದು; ಅದು ಮನೆಯ ಕಷಾಯಕ್ಕಿಂತ ಬೇರೆಯಾದ್ದರಿಂದ ಸೀಸೆಯ ಮೇಲೆ ಬರೆದ ಪ್ರಮಾಣವನ್ನೇ ಅನುಸರಿಸಬೇಕು.

ತೊಂದರೆ ಬಂದ ಮೇಲೆ ಕಷಾಯ ಕುಡಿಯುವುದಕ್ಕಿಂತ ಅಡುಗೆಯಲ್ಲೇ ಓಮವನ್ನು ಸೇರಿಸುವುದು ಮೇಲೆಂದು ನನ್ನ ಅಭಿಪ್ರಾಯ. ಕಡಲೆಹಿಟ್ಟಿನ ಬಜ್ಜಿಗೂ ಕೋಡುಬಳೆಗೂ ಹಿರಿಯರು ಓಮ ಹಾಕುತ್ತಿದ್ದುದು ರುಚಿಗಾಗಿ ಮಾತ್ರವಲ್ಲ. ವಾಯು ಹೆಚ್ಚಿಸುವ ಪದಾರ್ಥದ ಜೊತೆಯಲ್ಲೇ ಅದನ್ನು ಇಳಿಸುವ ಪದಾರ್ಥವನ್ನೂ ಇಡುವ ಜಾಣತನ ಅದರಲ್ಲಿತ್ತು. ಅವರೆಕಾಳಿನ ಕಾಲದಲ್ಲಿ, ಸಾರಿಗೆ ಇಂಗಿನ ಜೊತೆ ಒಂದು ಚಿಟಿಕೆ ಓಮವನ್ನೂ ಒಗ್ಗರಣೆಗೆ ಹಾಕಿ ನೋಡಬಹುದು. ಓಮದ ತಂಬುಳಿ ಇನ್ನೂ ಹಿತ: ಅರ್ಧ ಚಮಚ ಓಮ, ನಾಲ್ಕು ಮೆಣಸಿನಕಾಳನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿದು, ಪರಿಮಳ ಎದ್ದ ಕೂಡಲೇ ಇಳಿಸಿ, ಒಂದು ಹಿಡಿ ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆ ಮತ್ತು ಉಪ್ಪು ಸೇರಿಸಿದರೆ ಆಯಿತು. ಇದನ್ನು ಮತ್ತೆ ಕುದಿಸಬಾರದು. ಜ್ವರ ಬಿಟ್ಟು ಬಾಯಿ ಕೆಟ್ಟವರಿಗೆ ಮೆತ್ತಗಿನ ಅನ್ನದೊಂದಿಗೆ ಬಡಿಸಿದರೆ ಎರಡು ತುತ್ತು ಹೆಚ್ಚೇ ಉಣ್ಣುತ್ತಾರೆ.

ನೆಗಡಿಯಿಂದ ಮೂಗು ಕಟ್ಟಿದಾಗ ಒಂದು ಚಮಚ ಓಮವನ್ನು ಬೆಚ್ಚಗೆ ಮಾಡಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಆಗಾಗ ಮೂಸುವುದು ವಾಡಿಕೆ. ದೊಡ್ಡವರಿಗೆ ಇದು ಸರಿ; ಹಸುಗೂಸಿನ ಮೂಗಿನ ಹತ್ತಿರ ಇಂಥ ತೀಕ್ಷ್ಣ ವಾಸನೆಯನ್ನು ಹಿಡಿಯಬಾರದು. ಕೂಸು ಹೊಟ್ಟೆನೋವಿನಿಂದ ಅಳುತ್ತಿದೆಯೆಂದು ಓಮದ ನೀರು ಕುಡಿಸುವ ಹಳೆಯ ಪದ್ಧತಿಯನ್ನೂ ನಾನು ಒಪ್ಪುವುದಿಲ್ಲ, ಏಕೆಂದರೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ನೀರು ಕೂಡ ಬೇಡವೆಂದು ವೈದ್ಯರು ಹೇಳುತ್ತಾರೆ.

ಓಮ ಉಷ್ಣ ಪದಾರ್ಥ. ಎದೆಯುರಿ, ಹುಳಿತೇಗು, ಹೊಟ್ಟೆಹುಣ್ಣು ಇರುವವರಿಗೆ ಇದರಿಂದ ಉರಿ ಹೆಚ್ಚಾಗಬಹುದು. ಗರ್ಭಿಣಿಯರು ಅಡುಗೆಯ ಚಿಟಿಕೆಗಿಂತ ಹೆಚ್ಚು ಬಳಸುವುದು ಬೇಡ. ಬಾಣಂತಿಯ ಪಥ್ಯದಲ್ಲಿ ಇದಕ್ಕೆ ಸ್ಥಾನವಿದ್ದರೂ ಅಲ್ಲಿಯೂ ಮಿತಿ ಬೇಕು. ಎದೆ ಹಿಂಡಿದಂತಾಗಿ ಬೆವರು ಕಿತ್ತುಬಂದರೆ, ಅಥವಾ ಹೊಕ್ಕುಳಲ್ಲಿ ಶುರುವಾದ ನೋವು ಬಲಗಡೆಯ ಕೆಳಹೊಟ್ಟೆಗೆ ಸರಿದು ಹೆಚ್ಚುತ್ತಾ ಹೋದರೆ, ಅದನ್ನು ವಾಯುವೆಂದು ತಿಳಿದು ಓಮ ಅಗಿಯುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕುಂಡದಲ್ಲಿ ಬೆಳೆಸಲೆಂದು ಅಜವಾನದ, ಅಂದರೆ ಓಮದ, ಗಿಡ ಕೇಳಿದರೆ ಸಸ್ಯಾಲಯಗಳಲ್ಲಿ ಸಾಮಾನ್ಯವಾಗಿ ಕೊಡುವುದು ದಪ್ಪ ಎಲೆಯ ದೊಡ್ಡಪತ್ರೆಯನ್ನು. ವಾಸನೆ ಹೋಲುತ್ತದೆ, ಗಿಡ ಮಾತ್ರ ಬೇರೆ. ಓಮದ ಗಿಡಕ್ಕೆ ಸಬ್ಬಸಿಗೆಯನ್ನು ಹೋಲುವ ಸೀಳು ಎಲೆಗಳಿರುತ್ತವೆ. ಆದರೂ ದೊಡ್ಡಪತ್ರೆ ಕೊಟ್ಟರೆ ಬೇಡವೆನ್ನಬೇಕಾಗಿಲ್ಲ, ಕೆಮ್ಮಿಗೆ ಅದರ ಎಲೆಯನ್ನು ಬಾಡಿಸಿ ಹಿಂಡಿದ ರಸವನ್ನು ಜೇನಿನೊಂದಿಗೆ ಕೊಡುವ ರೂಢಿ ನಮ್ಮ ಮನೆಗಳಲ್ಲಿ ಇದ್ದೇ ಇದೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಕೂಡದು.