ಕಾಗುಣಿತ ಮುಗಿಯುವ ಮುಂಚೆಯೇ ಒತ್ತಕ್ಷರ ಕಲಿಸಿದೆ: ನನ್ನ ಅನುಭವ

ಕಾಗುಣಿತ ಪೂರ್ತಿ ಬಾಯಿಗೆ ಬರುವವರೆಗೆ ಒತ್ತಕ್ಷರದ ಹತ್ತಿರ ಹೋಗಬಾರದು. ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ನಾನು ಮಾಡಿದೆ. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ ಶಾಲೆ ನಮ್ಮದು, 4ನೇ ತರಗತಿ ನನ್ನ ಕೈಲಿತ್ತು. "ಇರೋದೇ ಬರಲ್ಲ, ಒತ್ತು ಬೇರೆ ಹೇಳ್ಕೊಡ್ತೀರಾ ಮೇಡಂ?" ಅಂತ ಕೇಳಿದವರೇ ಈ ವರ್ಷ ನನ್ನ ಪದಪಟ್ಟಿ ಕೇಳಿ ತೆಗೆದುಕೊಂಡು ಹೋಗಿದ್ದಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಲಿ-ಕಲಿ (ಆರಂಭದ ತರಗತಿಗಳ ಚಟುವಟಿಕೆ ಪದ್ಧತಿ) ಮುಗಿಸಿ ಬಂದ ಮಕ್ಕಳಿಗೆ ಅಲ್ಲಿನ ಕ್ರಮದಂತೆ ರ ಗ ಸ ದ ಅ ದಿಂದ ಹಿಡಿದು ಅಕ್ಷರ ಬರುತ್ತವೆ. ಮರ, ಕಾಡು, ಗೋಡೆ ಸಲೀಸಾಗಿ ಓದುತ್ತಾರೆ. ಪ್ಯಾರಾ ಕೊಟ್ಟರೆ ಎರಡನೇ ಸಾಲಿಗೇ ನಿಂತುಬಿಡುತ್ತಾರೆ. ಕ್ರಿಯಾ ಸಂಶೋಧನೆ ಅಂತ ನಾನು ಮೊದಲು ಮಾಡಿದ ಕೆಲಸ ಇಷ್ಟೇ. ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆ, ನಿಂತ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿದೆ. ನನ್ನ ನೆನಪಿನಲ್ಲಿ ನಾಲ್ಕರಲ್ಲಿ ಮೂರು ಗುರುತು ಒತ್ತಕ್ಷರದ ಮೇಲೇ ಇದ್ದವು.

ಅದೂ ಸುಮ್ನೆ ತಡವರಿಸುವುದಲ್ಲ. 'ರೇಷ್ಮೆ' ಕೊಟ್ಟರೆ 'ರೇಷೆಮ' ಅನ್ನುತ್ತಿದ್ದರು. ಮಗು ಓದಿದ್ದರಲ್ಲಿ ನ್ಯಾಯ ಇದೆ, ನೋಡಿ. ಎತ್ವ ಕೂತಿರುವುದು ಷ ಮೇಲೆ, ಮ ಕೆಳಗೆ ಒತ್ತಾಗಿ ಇದೆ. ಕಣ್ಣಿಗೆ ಕಾಣುವುದು ಷೆ, ಆಮೇಲೆ ಮ. ನಾಲಿಗೆ ಹೇಳಬೇಕಾದದ್ದು ಷ್, ಆಮೇಲೆ ಮೆ. ಈ ಅದಲುಬದಲನ್ನು ನಾವು ಯಾರೂ ಬಿಡಿಸಿ ತೋರಿಸುವುದೇ ಇಲ್ಲ.

ದುಡ್ಡು ಹೋದದ್ದು ಇಲ್ಲಿಂದ ಮುಂದೆ. ಒತ್ತಕ್ಷರದ ಫ್ಲೆಕ್ಸ್ ಮಾಡಿಸಿದೆ, ಏಳುನೂರು ರೂಪಾಯಿ ಆಗಿರಬೇಕು. ಮಕ್ಕಳು ಅದನ್ನು ಹಾಡಿನ ಥರ ಒಪ್ಪಿಸಿದರು, ಒಂದು ಒತ್ತನ್ನು ಬೇರೆ ಪದದಲ್ಲಿ ತೋರಿಸಿದರೆ ಗೊತ್ತಾಗುತ್ತಿರಲಿಲ್ಲ. ಬೆಂಗಳೂರಿನಿಂದ ರೆಡಿಮೇಡ್ ಕಾರ್ಡ್ ತರಿಸಿದೆ, ಸಾವಿರದ ಇನ್ನೂರರ ಹತ್ತಿರ. ಅದರಲ್ಲಿ 'ಪದ್ಮ', 'ಪುಷ್ಪ', 'ಚಕ್ರ' ಇತ್ಯಾದಿ. ಹತ್ತು ಸಲ ಕಾಪಿ ಬರೆಸಿದೆ, ಕೈಬರಹ ದುಂಡಗಾಯಿತು, ಓದು ಅಲ್ಲೇ ಇತ್ತು. ಮೊಬೈಲ್ ಆಪ್ ಹಾಕಿದರೆ ಒತ್ತುವವನು ಒಬ್ಬ, ನೋಡುವವರು ಇಪ್ಪತ್ತು ಜನ. ಒಟ್ಟು ನಾಲ್ಕು ಸಾವಿರ ಕೈಯಿಂದ ಹೋಗಿರಬಹುದು.

ಕೆಲಸಕ್ಕೆ ಬಂದ ಪದಗಳು ಮಕ್ಕಳ ಮನೆಯಲ್ಲೇ ಇದ್ದವು. ನಮ್ಮ ಕಡೆ ರೇಷ್ಮೆ ಹುಳು ಸಾಕದ ಮನೆ ಕಡಿಮೆ. ಸೊಪ್ಪು, ಮೊಟ್ಟೆ, ಹಿಪ್ಪುನೇರಳೆ, ಜ್ವರ (ಹುಳು ಪೊರೆ ಬಿಡುವ ಹೊತ್ತು), ಚಂದ್ರಿಕೆ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ), ರೇಷ್ಮೆ, ಶಿಡ್ಲಘಟ್ಟ. ಎಲ್ಲದರಲ್ಲೂ ಒತ್ತು ಇದೆ, ಅಲ್ವಾ? ಹುಳು ಎರಡನೇ ಜ್ವರಕ್ಕೆ ಕೂತಿದೆ ಅಂತ ದಿನಾ ಮನೆಯಲ್ಲಿ ಕೇಳುವ ಮಗುವಿಗೆ 'ಜ್ವ' ಕಷ್ಟವೇ ಅಲ್ಲ.

ಮೊದಲು ಬರವಣಿಗೆ, ಆಮೇಲೆ ಓದು. ಪದವನ್ನು ಬಾಯಲ್ಲಿ ಒಡೆಯುವುದು: ರೇಷ್, ಮೆ. ಒಡೆದ ಹಾಗೇ ಎರಡು ಚೀಟಿಯಲ್ಲಿ ಬರೆಯುವುದು. ಆಮೇಲೆ ಬೋರ್ಡಿನ ಮೇಲೆ ಸೇರಿಸುವುದು. ಮ ಕೆಳಗೆ ಇಳಿಯುತ್ತದೆ, ಅದರ ಎತ್ವ ಮೇಲಕ್ಕೆ ಹೋಗಿ ಷ ಮೇಲೆ ಕೂರುತ್ತದೆ. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ: ಒತ್ತಿಗೂ ಆ ಸ್ವರದ ಗುರುತಿಗೂ ಒಂದೇ ಬಣ್ಣದ ಸೀಮೆಸುಣ್ಣ ಇರಬೇಕು. ಎರಡೂ ಕೆಂಪು, ಉಳಿದದ್ದು ಬಿಳಿ. ಬರೀ ಒತ್ತಿಗೆ ಬಣ್ಣ ಹಾಕಿದರೆ ಪ್ರಯೋಜನ ಇಲ್ಲ, ನೋಡಿದ್ದೇನೆ. ಸೊಪ್ಪು, ಮೊಟ್ಟೆ ಥರದ ಸಜಾತಿ ಒತ್ತು (ಅಕ್ಷರಕ್ಕೆ ಅದರದೇ ಒತ್ತು) ಮೊದಲು, ಚಂದ್ರಿಕೆ, ರೇಷ್ಮೆ ಆಮೇಲೆ. ದಿನಕ್ಕೆ ಇಪ್ಪತ್ತು ನಿಮಿಷ, ನಾಲ್ಕೈದು ಪದ, ಜಾಸ್ತಿ ಬೇಡ.

ಚೀಟಿ ಇಡುವುದಕ್ಕೆ ಒಬ್ಬ ಹುಡುಗನ ತಂದೆ ಮುರಿದ ಚಂದ್ರಿಕೆ ಕೊಟ್ಟರು. ಸುತ್ತಿದ ಬಿದಿರಿನ ಪಟ್ಟಿಗಳ ಸಂದಿಯಲ್ಲಿ ಚೀಟಿ ಚೆನ್ನಾಗಿ ನಿಲ್ಲುತ್ತದೆ. ಖರ್ಚು ಸೊನ್ನೆ. ಹುಳು ಹಣ್ಣಾಗುವ, ಅಂದರೆ ಗೂಡು ಕಟ್ಟಲು ತಯಾರಾಗುವ ದಿನಗಳಲ್ಲಿ ಅರ್ಧ ತರಗತಿ ಬರುವುದಿಲ್ಲ, ಆಗ ಬಂದವರೇ ಚೀಟಿ ಬರೆದು ಬಾರದವರ ಹೆಸರಲ್ಲಿ ಸಿಕ್ಕಿಸುತ್ತಿದ್ದರು.

ಅರ್ಕಾವತ್ತಿಗೆ, ಅಂದರೆ 'ಸೂರ್ಯ'ದಲ್ಲಿ ಅಕ್ಷರದ ಪಕ್ಕ ಕೂರುವ ರ್ ಗುರುತಿಗೆ, ನನ್ನದೇ ಒಂದು ಉಪಾಯ ಇದೆ. ಅದನ್ನು ಈಗ ಬರೆಯುವುದಿಲ್ಲ, ಇನ್ನೊಂದು ಬ್ಯಾಚ್ ನೋಡಬೇಕು.

ನಡುವೆ ಇನ್ನೊಂದು ಪ್ರಯೋಗಕ್ಕೂ ಕೈ ಹಾಕಿದೆ. ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ತೆಲುಗು ಮನೆಮಾತಿನವರು. ಮನೆಯ ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ ಅಂದೆ. 'ಅಮ್ಮ ಆಕು ಕೋಸಿಂದಿ' (ಅಮ್ಮ ಸೊಪ್ಪು ಕೊಯ್ದಳು) ಅಂತ ಬರೆದರು, 'ಪಟ್ಟು ಪುರುಗು' (ರೇಷ್ಮೆ ಹುಳು) ಬರೆದರು. ಕನ್ನಡ ಕೆಡುತ್ತದೆ ಅಂತ ಆಕ್ಷೇಪ ಬಂತು. ಕೆಡಲಿಲ್ಲ. ಬಾಯಿ ಬಿಡದ ಇಬ್ಬರು ಹುಡುಗಿಯರು ಮೊದಲ ಸಲ ತಾವಾಗಿ ಬೋರ್ಡಿಗೆ ಬಂದದ್ದು ಈ ಪಾಠದಲ್ಲೇ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಅಸರ್ (ಮಕ್ಕಳ ಓದು, ಲೆಕ್ಕ ಅಳೆಯುವ ಸಮೀಕ್ಷೆ) ಮಾದರಿಯ ಹಾಳೆಯಲ್ಲೇ ಓದಿಸಿದ್ದು. ಇಪ್ಪತ್ತಾರೋ ಇಪ್ಪತ್ತೇಳೋ ಮಕ್ಕಳಲ್ಲಿ ಜೂನ್‌ನಲ್ಲಿ ಪ್ಯಾರಾ ದಾಟಿದವರು ಏಳೆಂಟು ಜನ, ಫೆಬ್ರವರಿಗೆ ಹದಿನೆಂಟರ ಮೇಲೆ. ಹಿಂದಿನ ಬ್ಯಾಚ್ ಅದೇ ಸಮಯಕ್ಕೆ ಹತ್ತು ದಾಟಿರಲಿಲ್ಲ.

ಕಾಗುಣಿತ ಮುಗಿಯಲಿ ಅನ್ನುವವರಿಗೆ ನನ್ನ ಪ್ರಶ್ನೆ: ಅದು ಮುಗಿಯುವುದು ಯಾವಾಗ? 34 ವ್ಯಂಜನಕ್ಕೆ ಸ್ವರಗುರುತು ಸೇರಿಸಿದರೆ ನಾನೂರು ರೂಪ ದಾಟುತ್ತವೆ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ. ನಮ್ಮ ಅಕ್ಷರಗಳ ಕಲಿಕೆ ಮೊದಲ ಒಂದೆರಡು ತರಗತಿಗೆ ಮುಗಿಯುವುದಿಲ್ಲ, ವರ್ಷಗಟ್ಟಲೆ ಎಳೆಯುತ್ತದೆ. ಅಲ್ಲಿವರೆಗೆ ಮಗುವನ್ನು ಒತ್ತಿಲ್ಲದ ಪದಗಳಲ್ಲೇ ಕೂರಿಸಿದರೆ ಅದು ಓದುವುದೇನನ್ನು? 'ಅಮ್ಮ', 'ಅಪ್ಪ' ಕೂಡ ಓದುವ ಹಾಗಿಲ್ಲ.

ಈ ವರ್ಷ 3ನೇ ತರಗತಿಯಲ್ಲೇ ಸೊಪ್ಪು, ಮೊಟ್ಟೆಯಿಂದ ಶುರು ಮಾಡಿದ್ದೇವೆ. ರೇಷ್ಮೆ ಕಡಿಮೆ ಇರುವ ಪಕ್ಕದ ಹಳ್ಳಿಯ ಮೇಷ್ಟ್ರು ಟೊಮ್ಯಾಟೊ ಮಂಡಿಯ ಪದಗಳನ್ನು ಕೂಡಿಸುತ್ತಿದ್ದಾರೆ. ಪಟ್ಟಿ ಬಂದ ಮೇಲೆ ಎರಡನ್ನೂ ಹೋಲಿಸಿ ನೋಡಬೇಕು.